ಹೊಸಪೇಟೆ ಬಂದರಿನಲ್ಲಿ ಕೊಟ್ರಬಸಮ್ಮ ಮುಳುಗಿದ್ದು

ಹೊಸಪೇಟೆಯು ಬಂದರು ನಗರವಾಗಿರುತ್ತದೆ. ಸಮುದ್ರವಿಲ್ಲವೆಂಬ ಸಣ್ಣ ಕೊರತೆಯನ್ನು ಯಾರೂ ದೊಡ್ಡದು ಮಾಡತಕ್ಕದ್ದಲ್ಲವೆಂದು ಒಳನಾಡು ಬಂದರು ಮಂಡಳಿಯು ಆದೇಶದಲ್ಲೇ ತಿಳಿಸಿರುವುದರಿಂದ ಆ ಬಗ್ಗೆ ಇಲ್ಲಿ ಚರ್ಚೆಯಿಲ್ಲ. ಡ್ಯಾಮಿನ ಹಿನ್ನೀರಿನಲ್ಲಿ ವಿಹಾರದ ಹಡಗು ಬಿಡುವ ಮೊದಲು ಮಂಡಳಿಯವರು ಅಧ್ಯಯನಕ್ಕೆಂದು ವಿದೇಶದ ಬಂದರೊಂದಕ್ಕೆ ಹೋಗಿದ್ದರು. ಅಲ್ಲಿ ಹಡಗು ತಡವಾಯಿತು. ಹೊತ್ತು ಹೋಗದೆ ಪಾಪ, ದಿನವೆಲ್ಲ ಊರು ಸುತ್ತಿದರು. ವಾಪಸು ಬಂದವರೇ ಅದನ್ನೇ ನಿಯಮ ಮಾಡಿದರು: ‘ಹಡಗು ಹತ್ತುವ ಪ್ರತಿಯೊಬ್ಬರೂ ಅದಕ್ಕೆ ಮೊದಲು ಬಂದರು ನಗರವನ್ನು ಹಗಲೆಲ್ಲ ಕಾಲ್ನಡಿಗೆಯಲ್ಲಿ ನೋಡಿ ಆನಂದಿಸಿರತಕ್ಕದ್ದು. ಅರ್ಧಕ್ಕೆ ಕುಳಿತವರಿಗೆ ಹಡಗು ಇರುವುದಿಲ್ಲ.’

ಈ ನಿಯಮ ಕೊಟ್ರಬಸಮ್ಮನ ಮೊಣಕಾಲಿಗೆ ಗೊತ್ತಿರಲಿಲ್ಲ. ಆಕೆ ಅಕ್ಕಿ ಗಿರಣಿ ಮನೆಯ ಹಿರಿಯ ಜೀವ. ಡ್ಯಾಮು ಕಟ್ಟಿದಾಗ ಆಕೆಯ ತವರೂರು ನೀರಿಗೆ ಹೋಯಿತು. ಆಗ ಆಕೆ ಇನ್ನೂ ಅವ್ವನ ಸೊಂಟದ ಮೇಲಿನ ಕೂಸು. ‘ಊರಮ್ಮಗ ಉಡಿ ತುಂಬ್ದೇ ಬಂದುಬಿಟ್ವಲ್ಲ’ ಎಂದು ಅವ್ವ ಸಾಯುವತನಕ ಹಲುಬಿದಳು. ಬೇಸಿಗೆಯಲ್ಲಿ ನೀರು ಇಳಿದರೆ ಊರಮ್ಮನ ಕಟ್ಟೆ ಕಾಣುತ್ತದಂತೆ. ಆದರೆ ಕಾವಲಿನವರು ಆ ಕಡೆ ಯಾರನ್ನೂ ಬಿಡುವುದಿಲ್ಲ, ಈಗ ಹಡಗಿನವರನ್ನು ಮಾತ್ರ ಬಿಡುತ್ತಾರೆ. ಅದಕ್ಕೇ ಮೊಮ್ಮಗಳು ಕಾವ್ಯ ಇಬ್ಬರಿಗೂ ಟಿಕೆಟ್ ಮಾಡಿಸಿದ್ದಳು. ಅಕ್ಕಿ, ಕೊಬ್ಬರಿ, ಎಲೆ ಅಡಿಕೆ, ಅರಿಶಿನ ಕುಂಕುಮ, ಹಸಿರು ಕುಪ್ಪಸದ ಕಣ ಎಲ್ಲವನ್ನೂ ಗಂಟು ಕಟ್ಟಿಕೊಂಡು ಅಜ್ಜಿ ಬೆಳಿಗ್ಗೆಯೇ ಉಳಿದ ಪ್ರಯಾಣಿಕರ ಜೊತೆ ಬಸ್‌ಸ್ಟ್ಯಾಂಡ್ ಮುಂದೆ ನಿಂತಿದ್ದಳು.

ಬಂದರು ಅಧಿಕಾರಿ ಹುಲಿಗೇಶ್ ಸಾಹೇಬರು ಬಿಳಿ ಟೋಪಿ ಹಾಕಿಕೊಂಡು ಬಂದರು. ಮೊನ್ನೆಮೊನ್ನೆಯವರೆಗೆ ರೇಷ್ಮೆ ಇಲಾಖೆಯಲ್ಲಿ ಹುಳು ನೋಡಿಕೊಳ್ಳುತ್ತಿದ್ದವರು. ಒಳ್ಳೆಯ ಮನುಷ್ಯ, ಆದೇಶ ಬಂದರೆ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

“ಎಲ್ಲಾರೂ ಬಲಕ್ಕ ನೋಡ್ರಿ, ದೀಪಸ್ತಂಭ,” ಎಂದರು. ಅದು ಕುಡಿಯುವ ನೀರಿನ ಟ್ಯಾಂಕು. ನೋಡಿದರು. ಸಂಡೂರಿನ ಅದಿರು ಲಾರಿಯೊಂದು ಕೆಂಪು ಧೂಳು ಎರಚಿಕೊಂಡು ಹೋಯಿತು. “ಬಂದರಿನ ಸರಕು ಸಾಗಣೆ,” ಎಂದರು. ಪ್ರಯಾಣಿಕರು ಕೆಮ್ಮುತ್ತಲೇ ಆನಂದಿಸಿದರು. ಹಂಪಿಗೆ ಹೋಗುವ ದಾರಿ ಬಂದಾಗ ಎಲ್ಲರ ಮುಖವನ್ನೂ ಆ ಕಡೆಯಿಂದ ತಿರುಗಿಸಿದರು. ಅಲ್ಲಿ ಕಲ್ಲು ಬಿಟ್ಟರೆ ಬಂದರಿಗೆ ಸಂಬಂಧಪಟ್ಟದ್ದು ಏನೂ ಇಲ್ಲವಷ್ಟೆ.

ಮಧ್ಯಾಹ್ನ ಸಮುದ್ರಾಹಾರ ಸವಿಯುವುದು ಕಡ್ಡಾಯವಿತ್ತು.

“ಶಿವ ಶಿವಾ! ನಾವು ಮೀನ ತಿನ್ನಂಗಿಲ್ಲೋ ತಮ್ಮಾ,” ಎಂದಳು ಕೊಟ್ರಬಸಮ್ಮ.

“ಯಾರು ತಿನ್ರಿ ಅಂದ್ರು ಅಮ್ಮಾರೆ? ಮಿರ್ಚಿ ಬಜ್ಜಿ ಐತಿ. ಎಣ್ಯಾಗ ಈಜಿ ಬಂದದ್ದೆಲ್ಲ ಸಮುದ್ರಾಹಾರ ಅಂತ ಮಂಡಳಿ ಒಪ್ಪೈತಿ.”

ಮಂಡಾಳ, ಅಂದರೆ ಮಂಡಕ್ಕಿ, ಒಗ್ಗರಣೆಯ ಜೊತೆಗೆ ಬಜ್ಜಿ ತಿಂದಳು. ಮಸ್ತ್ ಇತ್ತು, ಸುಳ್ಳು ಯಾಕೆ ಹೇಳಬೇಕು! ಆದರೆ ಎದ್ದು ನಿಂತರೆ ಮೊಣಕಾಲು ಮಾತು ಕೇಳಲಿಲ್ಲ.

“ಸಾಕು ಬಿಡಜ್ಜಿ, ಮನೀಗೆ ಹೋಗೂನು,” ಎಂದಳು ಕಾವ್ಯ.

“ಸುಮ್ನಿರಲೇ. ತವರಿಗೆ ಹೊಂಟಾಕೀ ನಾನು.”

ಹಲ್ಲು ಕಚ್ಚಿ ನಡೆದಳು.

ಸಂಜೆ ಹಡಗುಕಟ್ಟೆಗೆ ಮುಟ್ಟಿದಾಗ ಕಣ್ಣು ಹಾಯುವತನಕ ಬಿರುಕು ಬಿಟ್ಟ ನೆಲವಿತ್ತು. ‘ನೀರು ತಾತ್ಕಾಲಿಕವಾಗಿ ಗೈರುಹಾಜರಾಗಿದೆ. ಪ್ರಯಾಣದಲ್ಲಿ ಬದಲಾವಣೆ ಇಲ್ಲ’ ಎಂದು ಬೋರ್ಡು ಹಾಕಿದ್ದರು. ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಕಂಪ್ಲಿಯಿಂದ ತಂದ ದೊಡ್ಡ ಹರಿಗೋಲೊಂದನ್ನು ಹಗ್ಗದಿಂದ ಬಿಗಿದಿದ್ದರು. ವಡ್ಡು ಗ್ರಾಮದ ಡ್ರೈವರ್ ಹೊನ್ನೂರಪ್ಪ ಅದರ ಕ್ಯಾಪ್ಟನ್. ಎಲ್ಲರಿಗೂ ಲೈಫ್ ಜಾಕೆಟ್ ತೊಡಿಸಿದರು. ಹಡಗು ಧೂಳೆಬ್ಬಿಸುತ್ತ ಹೊರಟಿತು.

ಬಹಳ ದೂರ ಹೋದ ಮೇಲೆ ಒಂದು ಮುರುಕಲು ಕಲ್ಲುಕಟ್ಟೆ ಕಂಡಿತು. ಅವ್ವ ಹೇಳುತ್ತಿದ್ದ ಊರಮ್ಮನ ಕಟ್ಟೆ ಅದೇ ಎಂದು ಕೊಟ್ರಬಸಮ್ಮ ಎದ್ದು ನಿಂತಳು.

“ನಿಲ್ಸಪ್ಪಾ, ನಾ ಇಳೀಬೇಕು!”

“ಇಳಿಯಂಗಿಲ್ರಿ,” ಎಂದರು ಹುಲಿಗೇಶ್. “ಇಲ್ಲಿ ನೀರು ಭಾಳ ಆಳ ಐತಿ.”

“ನೆಲ ಕಾಣಾಕತ್ತೈತಲ್ಲೋ ಯಪ್ಪಾ!”

“ಕಣ್ಣಿಗೆ ಕಾಣೋದು ಬ್ಯಾರೆ, ಆದೇಶದಾಗ ಇರೋದು ಬ್ಯಾರೆ. ಇಳಿದ್ರ ಮುಳುಗ್ತೀರಿ.”

“ಮುಳುಗ್ತೀನಿ ಬಿಡು.”

ಹೊನ್ನೂರಪ್ಪ ಟ್ರ್ಯಾಕ್ಟರ್ ನಿಲ್ಲಿಸಿದ; ಕಾವ್ಯಳ ಕೈ ಹಿಡಿದು ಮುದುಕಿ ಇಳಿದೇಬಿಟ್ಟಳು. ಹುಲಿಗೇಶ್ ಪೀಪಿ ಊದಿ, ಗಾಳಿ ತುಂಬಿದ ಟ್ಯೂಬೊಂದನ್ನು ಆಕೆಯ ಹಿಂದೆ ಎಸೆದರು. ಟ್ಯೂಬು ಪುಟಿದು ಜಾಲಿ ಗಿಡದ ಬುಡದಲ್ಲಿ ಬಿತ್ತು. ಕೊಟ್ರಬಸಮ್ಮ ಕಟ್ಟೆಯ ಮೇಲಿನ ಒಣಗಿದ ಕೆಸರನ್ನು ಸೆರಗಿನಿಂದ ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಉಡಿ ತುಂಬಿ, “ಯವ್ವಾ, ಬಂದೀನಿ ನೋಡವ್ವಾ. ತಡಾ ಆತು, ಸಿಟ್ಟಾಗಬ್ಯಾಡ,” ಎಂದು ಗೋಳೋ ಎಂದು ಅತ್ತಳು. ಹರಿಗೋಲಿನಲ್ಲಿದ್ದವರೂ ಕಣ್ಣೊರೆಸಿಕೊಂಡರು.

ಹುಲಿಗೇಶರಿಗೆ ಅಳಲು ಬಿಡುವಿರಲಿಲ್ಲ. ಪ್ರಯಾಣಿಕರು ಮುಳುಗಿದರೆ ವಿಚಾರಣೆ ಕಟ್ಟಿಟ್ಟ ಬುತ್ತಿ.

“ಮುಳುಗಿದವ್ರನ್ನ ಎತ್ತಿದ್ವಿ ಅಂತ ವರದಿ ಕೊಡ್ರಿ ಸರ್,” ಎಂದಳು ಕಾವ್ಯ.

“ಕೊಡಬೌದವ್ವಾ. ಆದ್ರ ಮುಳುಗಿ ಎದ್ದವ್ರು ಒಣಗಿರಾಕ ಬರಂಗಿಲ್ಲಲ್ಲ? ಫೋಟೊ ಬ್ಯಾರೆ ಕಳಿಸ್ಬೇಕು.”

ಮಾತು ನ್ಯಾಯವಾಗಿತ್ತು. ಹೊನ್ನೂರಪ್ಪ ತನ್ನ ಕುಡಿಯುವ ನೀರಿನ ಬಾಟ್ಲಿ ತಂದ. ಬಿಸಿಲಿಗೆ ಕಾದು ನೀರು ಉಗುರುಬೆಚ್ಚಗಿತ್ತು. ಹುಲಿಗೇಶ್ ಬಿಳಿ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಅಜ್ಜಿಯ ಹೆಡತಲೆ ಹಿಡಿದು, ನಿಧಾನಕ್ಕೆ ಆಕೆಯ ನೆತ್ತಿಯ ಮೇಲೆ ಸುರಿದರು.

ಕೊಟ್ರಬಸಮ್ಮ ಕಣ್ಣು ಮುಚ್ಚಿದಳು. “ತವರಾಗ ತಲಿಗೆ ನೀರು ಹಾಕ್ಸಿಕೊಂಡಂಗಾತು ನೋಡು,” ಎಂದಳು. “ಇನ್ನೊಂದೀಟು ಹಾಕಪ್ಪಾ.”

ಹರಿಗೋಲಿನಿಂದ ಒಬ್ಬ ಮುದುಕಪ್ಪ ಮೆಲ್ಲಗೆ ಇಳಿದು, ಲೈಫ್ ಜಾಕೆಟ್ ಬಿಚ್ಚುತ್ತ, “ನಮ್ಮದೂ ಇಲ್ಲೇ ಬಾಜು ಊರು ಸಾಹೇಬ್ರ, ನನ್ನೂ ಮುಳುಗಿಸ್ರಿ,” ಎಂದ. ಅವನ ಹಿಂದೆ ಸಾಲು ನಿಂತಿತು. ಹುಲಿಗೇಶ್ ಪ್ರಕಟಿಸಿದರು: “ಬಾಟ್ಲಿ ಇದ್ದವ್ರು ಮುಂದ ಬರ್ರಿ. ಇಲ್ಲದವ್ರು ನಾಳಿ ಮುಳುಗ್ರಿ.”

“ಆತ್ರೀ,” ಎಂದರು ಎಲ್ಲರೂ.