ಹನ್ನೊಂದರ ರೈಲಿಗೆ ಅರವತ್ತನಾಲ್ಕು ಜನ

ಆ ವರ್ಷಗಳಲ್ಲಿ ನ್ಯೂಯಾರ್ಕಿನಿಂದ ಪ್ರಿನ್ಸ್‌ಟನ್‌ವರೆಗೆ ಎಲ್ಲರೂ ನಂಬಿದ್ದ ಮಾತೊಂದಿತ್ತು: ಕನ್ನಡದವರು ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಇದನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವರು ಕನ್ನಡದವರೇ. ಆರು ಗಂಟೆಯ ಕಾರ್ಯಕ್ರಮಕ್ಕೆ ಆರು ಗಂಟೆಗೇ ಹೋದರೆ ಕುರ್ಚಿ ಹಾಕುವ ಕೆಲಸ ತಮ್ಮ ಪಾಲಿಗೆ ಬರುತ್ತದೆ ಎಂದು ಪ್ರತಿಯೊಬ್ಬರಿಗೂ ಗೊತ್ತಿತ್ತು.

ನಾನು ವಾರದಲ್ಲಿ ಐದು ದಿನ ಪ್ರಿನ್ಸ್‌ಟನ್ ಹತ್ತಿರದ ಆಫೀಸೊಂದರಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆ. ಶನಿವಾರ ಎರಡು ಗಂಟೆ ಡ್ರೈವ್ ಮಾಡಿ, ಪೆನ್ಸಿಲ್ವೇನಿಯಾದ ಅಪಲೇಚಿಯನ್ ಬೆಟ್ಟಗಳ ನಡುವೆ ಓಡುವ ಹಳೆಯ ಉಗಿ ರೈಲಿನಲ್ಲಿ ಸಂಬಳವಿಲ್ಲದ ಕೆಲಸ ಮಾಡುತ್ತಿದ್ದೆ. ಹಿಂದೆ ಕಲ್ಲಿದ್ದಲು ಹೊತ್ತ ದಾರಿ, ಈಗ ಪ್ರವಾಸಿಗಳನ್ನು ಹೊರುತ್ತಿತ್ತು. ಯಾಕೆ ಹೋಗುತ್ತೀಯ ಎಂದು ಕೇಳಿದವರಿಗೆ ಬೆಟ್ಟದ ಗಾಳಿ ಒಳ್ಳೆಯದು ಎನ್ನುತ್ತಿದ್ದೆ. ನಿಜ ಇಷ್ಟೇ: ಆಫೀಸಿನಲ್ಲಿ ನಾನು ಮಾಡಿದ್ದು ಯಾವುದೂ ಕಣ್ಣಿಗೆ ಕಾಣುತ್ತಿರಲಿಲ್ಲ. ಇಲ್ಲಿ ಕಂಡಕ್ಟರ್, ಅಂದರೆ ನಮ್ಮ ಕಡೆಯ ಗಾರ್ಡ್, ಕೈ ಎತ್ತಿದರೆ ನೂರಾರು ಟನ್ ಕಬ್ಬಿಣ ಕದಲುತ್ತಿತ್ತು. ಆ ಕೈ ನನ್ನದಾಗಬೇಕು ಎಂಬುದು ನನ್ನ ಆಸೆ.

ಅಲ್ಲಿ ನಡೆದದ್ದರಲ್ಲಿ ಅರ್ಧವನ್ನು ಹೇಳಿದರೆ ಜನ ನಂಬುವುದಿಲ್ಲ. ಉಳಿದರ್ಧ ಹೀಗಿದೆ.

ಸುಮಾರು ಹತ್ತು

ನನ್ನ ಗುರು ಅಲ್ಲಿಯ ಹಿರಿಯ ಕಂಡಕ್ಟರ್. ನಲವತ್ತು ವರ್ಷ ಗೂಡ್ಸ್ ರೈಲಿನಲ್ಲಿ ದುಡಿದು ನಿವೃತ್ತನಾದವನು. ನಾನು ಭಾರತದಿಂದ ಬಂದವನು ಎಂದು ಕೇಳಿದ ಕ್ಷಣದಲ್ಲೇ ನನಗೆ 'ಕಂಪ್ಯೂಟರ್' ಎಂದು ಹೆಸರಿಟ್ಟ. ತಪ್ಪೇನೂ ಆಗಿರಲಿಲ್ಲ, ಅದೇ ಬೇಸರ.

ಮೊದಲ ದಿನ ಕೇಳಿದ: "ಗಂಟೆ ಎಷ್ಟು, ಕಂಪ್ಯೂಟರ್?"

"ಸುಮಾರು ಹತ್ತು."

ಅವನು ಜೇಬಿನಿಂದ ತನ್ನ ಗಡಿಯಾರ ತೆಗೆದು, ಮುಚ್ಚಳ ಬಿಚ್ಚಿ, ನನ್ನ ಮುಖದ ಮುಂದೆ ಹಿಡಿದ. "ಸುಮಾರು ಹತ್ತು ಇದರಲ್ಲಿ ಎಲ್ಲಿದೆ? ಬೆರಳಿಟ್ಟು ತೋರಿಸು."

ಅಂದಿನಿಂದ ನನ್ನ ಹೆಂಡತಿ ಊಟಕ್ಕೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಿದರೆ ಆರು ಐವತ್ತಮೂರು ಎನ್ನುತ್ತಿದ್ದೆ. ಅವಳು ಆಸ್ಪತ್ರೆಗೆ ತೋರಿಸೋಣವೇ ಎಂದು ಒಮ್ಮೆ ಕೇಳಿದಳು.

ನಾಲ್ಕು ಅಂಕಿ

ಅದು ವೈಟುಕೆ ಭಯದ ಕಾಲ. ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದುಕೊಂಡಿದ್ದ ಕಂಪ್ಯೂಟರುಗಳು ಎರಡು ಸಾವಿರದ ಇಸವಿಯನ್ನು ಸೊನ್ನೆ ಎಂದು ತಿಳಿದು ಕೆಟ್ಟು ಕೂರುತ್ತವೆ ಎಂದು ಎಲ್ಲರಿಗೂ ಹೆದರಿಕೆ. ಆ ಹೆದರಿಕೆಯಿಂದಲೇ ನಮ್ಮಲ್ಲಿ ಬಹಳ ಜನರಿಗೆ ವೀಸಾ ಸಿಕ್ಕಿತ್ತು. ಆದ್ದರಿಂದ ಅದನ್ನು ಹಳಿಯುವುದು ಸರಿಯಲ್ಲ.

ರೈಲಿನ ವಿಮೆಯವರು ಒಂದು ಫಾರಂ ಕಳಿಸಿದರು. ನಿಮ್ಮ ಯಂತ್ರಗಳೆಲ್ಲ ಹೊಸ ಸಹಸ್ರಮಾನಕ್ಕೆ ಸಿದ್ಧವೇ, ತಿಳಿದವರಿಂದ ಪರೀಕ್ಷೆ ಮಾಡಿಸಿ ಸಹಿ ಹಾಕಿ ಕಳಿಸಿ. ಆಡಳಿತ ಮಂಡಳಿ ಸಭೆ ಸೇರಿ ಗಂಭೀರವಾಗಿ ಚರ್ಚಿಸಿ ಫಾರಂ ನನ್ನ ಕೈಗೆ ಕೊಟ್ಟಿತು.

ಹಿರಿಯ ಕಂಡಕ್ಟರ್ ನನ್ನನ್ನು ಎಂಜಿನ್ನಿನ ಹತ್ತಿರ ಕರೆದೊಯ್ದ. "ಪರೀಕ್ಷೆ ಮಾಡು."

ನಾನು ಸುತ್ತ ಒಂದು ಪ್ರದಕ್ಷಿಣೆ ಬಂದೆ. ಕಲ್ಲಿದ್ದಲು, ನೀರು, ಬೆಂಕಿ. ಮುಟ್ಟಿದರೆ ಮಸಿ. ಪಕ್ಕದಲ್ಲಿ ಒಂದು ಹಿತ್ತಾಳೆಯ ಫಲಕ, ಅದರ ಮೇಲೆ ಎಂಜಿನ್ ತಯಾರಾದ ಇಸವಿ. ನಾಲ್ಕೂ ಅಂಕಿ ಇದ್ದವು.

ನಮ್ಮ ಆಫೀಸಿನಲ್ಲಿ ಅದೇ ಎರಡು ಅಂಕಿ ಸೇರಿಸಲು ಐವತ್ತು ಜನ ಎರಡು ವರ್ಷದಿಂದ ಒದ್ದಾಡುತ್ತಿದ್ದೆವು. ಫಾರಂನಲ್ಲಿ ಬರೆದೆ: "ನಾನು ಈ ದೇಶದಲ್ಲಿ ಪರೀಕ್ಷಿಸಿದ ಯಂತ್ರಗಳಲ್ಲಿ ಪೂರ್ತಿ ಸಿದ್ಧವಾಗಿರುವುದು ಇದೊಂದೇ." ವಿಮೆಯವರು ಧನ್ಯವಾದ ಹೇಳಿ, ಎಂಜಿನ್ನಿನಲ್ಲಿ ಯಾವ ಸಾಫ್ಟ್‌ವೇರ್ ಹಾಕಿದ್ದೀರಿ, ತಿಳಿಸಿ ಎಂದು ಇನ್ನೊಂದು ಫಾರಂ ಕಳಿಸಿದರು.

ಒಂಬತ್ತು ಎಂದರೆ ಹನ್ನೊಂದು

ಮುಂದಿನ ವರ್ಷ ಕಂಡಕ್ಟರ್ ಆಗುವ ಬರಹದ ಪರೀಕ್ಷೆ ಪಾಸಾದೆ. ಉಳಿದದ್ದು ಒಂದೇ: ಹಿರಿಯ ಕಂಡಕ್ಟರ್ ಸುಮ್ಮನೆ ಕೂತು ನೋಡುತ್ತಿರುವಾಗ ಒಂದು ಪೂರ್ತಿ ಪ್ರಯಾಣ ನಾನೇ ನಡೆಸಬೇಕು. ಅಕ್ಟೋಬರಿನ ಒಂದು ಶನಿವಾರ ಗೊತ್ತಾಯಿತು. ಎಲೆ ಬಣ್ಣ ತಿರುಗಿ ಬೆಟ್ಟವೆಲ್ಲ ಕೆಂಪಾಗುವ ಕಾಲ.

ಆ ವಾರ ನಮ್ಮ ಕನ್ನಡ ಬಳಗದ ಕಾರ್ಯದರ್ಶಿ ಫೋನ್ ಮಾಡಿದರು. ಗದಗಿನ ಕಡೆಯವರು, ಉತ್ಸಾಹಿ. "ಫಾಲ್ ಕಲರ್ಸ್ ನೋಡೋಕೆ ನಿಮ್ಮ ಟ್ರೇನಿಗೆ ಬರ್ತಾ ಇದೀವಿ. ಅರವತ್ತನಾಲ್ಕು ಜನ. ಒಂದು ಬೋಗಿ ಪೂರ್ತಿ ಬುಕ್ ಮಾಡಿದೀನಿ."

"ಯಾವತ್ತು?"

ಅದೇ ಶನಿವಾರ.

ನಾನು ಪರಿಸ್ಥಿತಿ ವಿವರಿಸಿದೆ. ಹಳಿ ನಮ್ಮದಲ್ಲ, ಬೇರೆ ಕಂಪನಿಯದು. ಹನ್ನೊಂದಕ್ಕೆ ಹೊರಡದಿದ್ದರೆ ಎದುರಿನಿಂದ ಗೂಡ್ಸ್ ಬಿಡುತ್ತಾರೆ, ಆಮೇಲೆ ಸಂಜೆಯವರೆಗೆ ದಾರಿ ಇಲ್ಲ. ನಿಮ್ಮ ಪ್ರವಾಸವೂ ಹೋಯಿತು, ನನ್ನ ಪರೀಕ್ಷೆಯೂ ಹೋಯಿತು.

"ಗೊತ್ರೀ. ಅದಕ್ಕೇ ಎಲ್ಲರಿಗೂ ಟ್ರೇನು ಒಂಬತ್ತೂವರೆಗೆ ಅಂತ ಹೇಳಿದೀನಿ."

"ನೀವು ಹಾಗೆ ಹೇಳ್ತೀರಿ ಅಂತ ಅವರಿಗೆ ಗೊತ್ತಿರತ್ತಲ್ಲ."

"ಗೊತ್ತಿರತ್ತೆ ಅಂತ ನನಗೂ ಗೊತ್ತು. ಆಮೇಲೆ ಮತ್ತೆ ಫೋನ್ ಮಾಡಿ ಒಂಬತ್ತು ಅಂದೆ."

ನಾನು ಫೋನಿಟ್ಟು, ಮುಂದಿನ ವರ್ಷ ಮತ್ತೆ ಪರೀಕ್ಷೆಗೆ ಕೂರುವ ನಿಯಮಗಳನ್ನು ಓದತೊಡಗಿದೆ.

ಟವೆಲು

ಶನಿವಾರ ಬೆಳಿಗ್ಗೆ ಎಂಟು ಐವತ್ತಕ್ಕೆ ನಾನು ನಿಲ್ದಾಣ ತಲುಪಿದಾಗ ಪಾರ್ಕಿಂಗ್ ತುಂಬಿತ್ತು. ಇಪ್ಪತ್ತೆರಡು ಕಾರು. ಮಕ್ಕಳು ಸ್ವೆಟರ್ ಹಾಕಿಕೊಂಡು ಸಾಲಾಗಿ ನಿಂತಿದ್ದರು. ನಾನು ದಿನ ತಪ್ಪಿ ಬಂದೆನೇ ಎಂದು ಅನುಮಾನ ಬಂತು.

ಕಾರಣ ಕಾರ್ಯದರ್ಶಿಯ ತಾಯಿ. ಮಗನ ಮನೆಗೆ ಬಂದಿದ್ದ ಅವರು ಗದಗಿನಲ್ಲಿ ಮೂವತ್ತು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ಎಲ್ಲರೂ ಅಕ್ಕೋರು ಎನ್ನುತ್ತಿದ್ದರು. ಬೆಳಗ್ಗೆ ಐದಕ್ಕೇ ಎದ್ದು, ಪಟ್ಟಿ ಹಿಡಿದು, ಇಪ್ಪತ್ತೆರಡು ಮನೆಗೂ ಫೋನ್ ಮಾಡಿದ್ದರು.

"ಏನ್ ಕೇಳಿದ್ರಿ ಅಕ್ಕೋರೇ?"

"ಏನ್ ಕೇಳೋದು? ಎದ್ದೀರೇನು ಅಂದೆ. ಎದ್ದೀವ್ರೀ ಅಂದವರಿಗೆ, ಹಂಗಾರ ಹಲ್ಲು ತಿಕ್ಕಿ ಬಂದು ಮಾತಾಡು, ನಾ ಫೋನ್ ಹಿಡಕೊಂಡಿರ್ತೀನಿ ಅಂದೆ."

ಅಷ್ಟರಲ್ಲಿ ಹಿರಿಯ ಕಂಡಕ್ಟರ್ ಬಂದ. ಇನ್ನೂ ಎಂಜಿನ್ ಜೋಡಿಸದ ಬೋಗಿಯ ಮುಂದೆ ನಿಂತುಬಿಟ್ಟ. ದಾರಿಯಲ್ಲಿ ಹೊಳೆ ಕಾಣುವ ಕಡೆಯ ತೆರೆದ ಕಿಟಕಿಗಳೊಳಗೆ, ಪ್ರತಿ ಸೀಟಿನ ಮೇಲೂ ಏನೋ ಒಂದು ಇತ್ತು. ಟವೆಲು, ಕರ್ಚೀಫು, ಶಾಲು, ಮಗುವಿನ ಟೋಪಿ, ಒಂದು ಸೀಟಿನಲ್ಲಿ ಒಂಟಿ ಬೂಟು. ಬಾಗಿಲು ಇನ್ನೂ ತೆಗೆದಿರಲಿಲ್ಲ.

"ಬಟ್ಟೆ ಒಣಗಿಸಿದ್ದಾರೆಯೇ?"

"ಸೀಟು ಹಿಡಿದಿದ್ದಾರೆ. ಟವೆಲು ಬಿದ್ದ ಸೀಟು ಟವೆಲಿನವರದ್ದು."

"ಯಾರು ಮಾಡಿದ ನಿಯಮ?"

"ಯಾರೂ ಮಾಡಿಲ್ಲ. ನಮ್ಮ ಕಡೆ ಎಲ್ಲ ಬಸ್ಸಿನಲ್ಲೂ ಇದೆ."

"ಬೇರೆಯವರು ಟವೆಲು ತೆಗೆದು ಕೂತರೆ?"

ನಾನು ಯೋಚಿಸಿದೆ. ಬೈದಾಡಿದ್ದು ಕೇಳಿದ್ದೇನೆ. ಟವೆಲನ್ನು ತೆಗೆದವನನ್ನು ಮಾತ್ರ ಎಲ್ಲೂ ನೋಡಿದ ನೆನಪಿಲ್ಲ. ಹಾಗೇ ಹೇಳಿದೆ.

ಅವನು ಬೂಟಿನ ಕಡೆ ಬೆರಳು ತೋರಿಸಿದ. "ನಾವು ಟಿಕೆಟ್ ಮೇಲೆ ನಂಬರ್ ಹಾಕಿ ಕೊಡುತ್ತೇವೆ. ವಾರಕ್ಕೆ ಮೂರು ಜಗಳ."

ಮುಂದಿನ ಶನಿವಾರ ಬಂದಾಗ ನೋಡಿದೆ, ಅವನು ಊಟಕ್ಕೆ ಕೂರುವ ಬೆಂಚಿನ ಮೇಲೆ ಅವನ ಟೋಪಿ ಇತ್ತು. ಅವನು ಎಲ್ಲೂ ಇರಲಿಲ್ಲ.

ಸೇತುವೆ

ಹನ್ನೊಂದಕ್ಕೆ ಸರಿಯಾಗಿ ನಾನು ಕೈ ಎತ್ತಿದೆ. ರೈಲು ಹೊರಟಿತು. ಆ ಕ್ಷಣದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬರೆದರೆ ಹೊಗಳಿಕೊಂಡ ಹಾಗಾಗುತ್ತದೆ. ಚೆನ್ನಾಗಿತ್ತು.

ಅರ್ಧ ಗಂಟೆಗೆ ಲೀಹೈ ಹೊಳೆಯ ಸೇತುವೆ ಬರುತ್ತದೆ. ಅಲ್ಲಿ ಯಾರೂ ಕೈ ತಲೆ ಹೊರಗೆ ಹಾಕಬಾರದು, ನೋಡಿಕೊಳ್ಳುವುದು ಕಂಡಕ್ಟರನ ಹೊಣೆ. ನಾನು ಬೋಗಿಗೆ ಬಂದರೆ ಅರವತ್ತನಾಲ್ಕು ಜನವೂ ಎದ್ದು ಕಿಟಕಿಗೆ ಒತ್ತಿಕೊಂಡಿದ್ದರು. ಪರ್ಸುಗಳು ತೆರೆದಿದ್ದವು.

"ಹೊಳೀ ಹೆಸರೇನ್ ತಮ್ಮಾ?" ಅಕ್ಕೋರು ಕೇಳಿದರು.

"ಲೀಹೈ."

"ಲೀಹೈ ತಾಯಿ, ಎಲ್ಲಾರನ್ನೂ ಕಾಪಾಡವ್ವಾ," ಎಂದು ಕೈ ಮುಗಿದು ಒಂದು ನಾಣ್ಯ ಎಸೆದರು. ಅಷ್ಟೇ, ಬೋಗಿಯ ಒಂದು ಪಕ್ಕದಿಂದ ಪೆನ್ನಿಗಳ ಮಳೆ.

"ಅಕ್ಕೋರೇ, ಕೈ ಹೊರಗೆ ಹಾಕೋ ಹಾಗಿಲ್ಲ!"

"ಕೈ ಎಲ್ಲಿ ಹಾಕೇವಿ? ನಾಣ್ಯ ಅಷ್ಟ ಹೊರಗ ಹೋಗೇತಿ."

ನಿಜ, ಕೈಗಳೆಲ್ಲ ಒಳಗೇ ಇದ್ದವು. ಒಬ್ಬ ಹುಡುಗಿ ಅಪ್ಪನನ್ನು ಕೇಳುತ್ತಿದ್ದಳು, "ಬಟ್ ವೈ ಆರ್ ವಿ ಪೇಯಿಂಗ್ ದ ರಿವರ್?" ತನ್ನ ಅಪ್ಪನನ್ನು ಎಂದೂ ಕೇಳಿರದ ಅಪ್ಪ ಅವಳ ಕೈಗೂ ಒಂದು ಪೆನ್ನಿ ಕೊಟ್ಟ.

ಹಿರಿಯ ಕಂಡಕ್ಟರ್ ಮೂಲೆಯಲ್ಲಿ ನಿಯಮದ ಪುಸ್ತಕ ತಿರುವಿ ಹಾಕುತ್ತಿದ್ದ. ಉಗುಳುವುದರ ಬಗ್ಗೆ ಇತ್ತು, ಬಾಟಲಿಯ ಬಗ್ಗೆ ಇತ್ತು. ನಾಣ್ಯದ ಬಗ್ಗೆ ಇರಲಿಲ್ಲ. ಪುಸ್ತಕ ಮುಚ್ಚಿ ಜೇಬಿನಿಂದ ಒಂದು ಕ್ವಾರ್ಟರ್ ನಾಣ್ಯ ತೆಗೆದ. "ನಲವತ್ತು ವರ್ಷ ಇದನ್ನು ದಾಟಿದ್ದೇನೆ. ಒಂದು ಸಲವೂ ನನ್ನನ್ನು ಬೀಳಿಸಲಿಲ್ಲ," ಎಂದು ಎಸೆದ.

ಕೆಳಗೆ, ನಾಣ್ಯ ಬೀಳುತ್ತಿದ್ದ ಜಾಗದಿಂದ ತುಸು ದೂರದಲ್ಲಿ, ದೋಣಿಯಲ್ಲಿ ಒಬ್ಬ ಮೀನು ಹಿಡಿಯುತ್ತಿದ್ದ. ನೀರಿನ ಮೇಲೆ ಟಪಟಪ ಕೇಳಿ ಆಕಾಶ ನೋಡಿದ. ಮೋಡ ಇಲ್ಲ ಎಂದು ಖಾತ್ರಿ ಮಾಡಿಕೊಂಡ. ಆಮೇಲೆ ಟೋಪಿ ತೆಗೆದು ಒಂದು ಕೈಯಲ್ಲಿ ಅಂಗಾತ ಹಿಡಿದು, ಇನ್ನೊಂದರಿಂದ ಆ ಕಡೆಗೇ ಹುಟ್ಟು ಹಾಕತೊಡಗಿದ.

ಒಂದೂ ಹದಿನೈದು

ದಾರಿಯ ಕೊನೆಯಲ್ಲಿ ಒಂದು ಪುಟ್ಟ ಊರು. ಅಲ್ಲಿ ಒಂದು ಗಂಟೆ ಬಿಡುವು. ಹೊರಡುವುದು ಒಂದೂ ಹದಿನೈದಕ್ಕೆ. ಇಲ್ಲೂ ಗೂಡ್ಸಿನ ಕಾಟ. ನಮ್ಮವರು ಪಾರ್ಕಿನಲ್ಲಿ ಪುಳಿಯೋಗರೆ, ಮೊಸರನ್ನ ಮುಗಿಸಿ ಊರೊಳಗೆ ಹರಡಿಕೊಂಡರು. ಐಸ್‌ಕ್ರೀಂ ಅಂಗಡಿ, ಹಳೇ ಸಾಮಾನಿನ ಅಂಗಡಿ, ಚರ್ಚು. ಬೆಳಿಗ್ಗೆ ಬಂದದ್ದು ಅಕ್ಕೋರ ಫೋನಿನ ಮಹಿಮೆ. ಈಗ ಯಾರ ಕೈಯಲ್ಲೂ ಫೋನಿಲ್ಲ. ಒಂದು ಗಂಟೆಗೆ ಎಂಜಿನ್ನಿನ ಹತ್ತಿರ ನಿಂತು ಗಡಿಯಾರ ನೋಡಿದೆ. ಕನಿಷ್ಠ ಹತ್ತು ಜನ ಬರುವುದಿಲ್ಲ ಎಂದು ಲೆಕ್ಕ ಹಾಕಿದೆ. ಬೋಗಿಯೊಳಗೆ ಇಣುಕಲೂ ಇಲ್ಲ, ಹುಡುಕಲು ಓಡಿದೆ.

ಐಸ್‌ಕ್ರೀಂ ಅಂಗಡಿ ಖಾಲಿ. ಚರ್ಚಿನ ಹಿಂದೆ ಯಾರೂ ಇಲ್ಲ. ಒಂದೂ ಹತ್ತಕ್ಕೆ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕರು: ಗಂಡ, ಹೆಂಡತಿ, ಇಬ್ಬರು ಮಕ್ಕಳು. ಗಂಡ ಒಂದು ತಾಮ್ರದ ಹಂಡೆಯನ್ನು ತಟ್ಟಿ ನೋಡುತ್ತ, "ಇದು ನಮ್ಮನೇದೇ ಥರ ಇದೆ ನೋಡು," ಎಂದು ಕನ್ನಡದಲ್ಲಿ ಹೇಳುತ್ತಿದ್ದರು.

ನನ್ನ ಲೆಕ್ಕ ಸರಿಯಾದದ್ದಕ್ಕೆ ಒಂದು ಕ್ಷಣ ಸಂತೋಷವೂ ಆಯಿತು ಎಂದು ಒಪ್ಪಿಕೊಳ್ಳಬೇಕು. "ಹಂಡೆ ಬಿಡಿ ಸಾರ್! ಟ್ರೇನು ಹೊರಡ್ತಾ ಇದೆ, ಓಡಿ!" ಎಂದು ಕೂಗಿದೆ.

ಅವರು ಓಡಿದರು. ಹಂಡೆ ಬಿಟ್ಟು, ಚಿಕ್ಕ ಮಗುವನ್ನು ಎತ್ತಿಕೊಂಡು, ನನ್ನ ಹಿಂದೆ ಇಡೀ ಬೀದಿ ಓಡಿದರು. ದೊಡ್ಡ ಮಗ, "ಡ್ಯಾಡ್, ಆರ್ ವಿ ಇನ್ ಟ್ರಬಲ್?" ಎನ್ನುತ್ತ ಓಡಿದ. ಪ್ಲಾಟ್‌ಫಾರ್ಮ್ ತಲುಪಿದಾಗ ಒಂದೂ ಹದಿನಾರು. ರೈಲಿನ ಕೊನೆಯ ಬೋಗಿ ತಿರುವಿನಲ್ಲಿ ಮರೆಯಾಗುತ್ತಿತ್ತು.

ನಾನು ಅವರ ಕಡೆ ತಿರುಗಿದೆ. "ಕ್ಷಮಿಸಿ ಸಾರ್. ನಿಮ್ಮ ಟ್ರೇನು ಹೋಯ್ತು."

ಅವರು ಮೊಣಕಾಲು ಹಿಡಿದು ಏದುಸಿರು ಬಿಡುತ್ತ ಹೇಳಿದರು: "ನಮ್ದಲ್ಲ. ನಾವು ಕಾರಲ್ಲಿ ಬಂದಿದ್ದೀವಿ."

ಮೈಸೂರಿನವರು. ನ್ಯೂಯಾರ್ಕ್ ಹತ್ತಿರದ ಫ್ಲೋರಲ್ ಪಾರ್ಕ್‌ನಲ್ಲಿ ಬಟ್ಟೆ ಅಂಗಡಿ. ಬಳಗದ ಹೆಸರೂ ಕೇಳಿರಲಿಲ್ಲ. ಎಲೆ ನೋಡಲು ಅವರಷ್ಟಕ್ಕೆ ಅವರು ಬಂದಿದ್ದರು.

"ಮತ್ತೆ ಯಾಕೆ ಸಾರ್ ಓಡಿದ್ರಿ?"

ಅವರ ಹೆಂಡತಿ ದುಪಟ್ಟಾ ಸರಿಮಾಡಿಕೊಳ್ಳುತ್ತ ಉತ್ತರ ಕೊಟ್ಟರು. "ಇಂಥಾ ಊರಲ್ಲಿ ಒಬ್ಬರು ಬಂದು ಕನ್ನಡದಲ್ಲಿ ಓಡಿ ಅಂದ್ರೆ, ಯಾಕೆ ಅಂತ ಕೇಳ್ತಾ ನಿಂತ್ಕೊಳೋಕಾಗತ್ತಾ?"

ಅವರೇ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟರು. ಯಜಮಾನರು ಹಂಡೆಯ ಅಂಗಡಿಯ ಮುಂದೆ ಕಾರನ್ನು ನಿಧಾನ ಕೂಡ ಮಾಡಲಿಲ್ಲ, ಅದು ದೊಡ್ಡತನ. ರಸ್ತೆ ನೇರ, ಹಳಿ ಹೊಳೆಯ ಜೊತೆ ಸುತ್ತುತ್ತದೆ. ಬೆಳಿಗ್ಗೆ ಹೊರಟ ನಿಲ್ದಾಣವನ್ನು ರೈಲಿಗಿಂತ ಇಪ್ಪತ್ತು ನಿಮಿಷ ಮೊದಲೇ ತಲುಪಿ, ಟೋಪಿ ನೆಟ್ಟಗೆ ಮಾಡಿಕೊಂಡು, ನನ್ನ ರೈಲನ್ನು ನಾನೇ ಸ್ವಾಗತಿಸಲು ನಿಂತೆ.

ಮೊದಲು ಇಳಿದವರು ಅಕ್ಕೋರು. "ಎಲ್ಲಿ ಹೋಗಿದ್ದಿ ತಮ್ಮಾ? ಒಂದು ಗಂಟೆಗೇ ಎಲ್ಲಾರನ್ನೂ ಒಳಗ ಕುಂದ್ರಿಸಿ ಹಾಜರಿ ಕರದೆ. ನಿನ್ನ ಹೆಸರೂ ಕರದೆ, ಎರಡು ಸಲ."

ಆಮೇಲೆ ಹಿರಿಯ ಕಂಡಕ್ಟರ್ ಇಳಿದ. ನಾನಿಲ್ಲದ್ದರಿಂದ ಹೊರಡುವ ಸನ್ನೆ ಕೊಟ್ಟವನು ಅವನೇ. ಇಷ್ಟು ವರ್ಷದಲ್ಲಿ ಇಂಥ ಶಿಸ್ತಿನ ಗುಂಪನ್ನು ನೋಡಿಲ್ಲ ಎಂದು ಬಳಗಕ್ಕೆ ಪತ್ರ ಬರೆಯುತ್ತೇನೆ ಎಂದ, ಬರೆದೂ ಬರೆದ. ಕಾರ್ಯದರ್ಶಿ ಅದಕ್ಕೆ ಚೌಕಟ್ಟು ಹಾಕಿಸಿದ್ದಾರೆ. ನನಗೆ ನನ್ನ ಪರೀಕ್ಷೆಯ ಹಾಳೆಯನ್ನು ಮಾತ್ರ ಕೊಟ್ಟ. ಫೇಲ್. ಕಾರಣ ಎಂಬ ಕಡೆ ಒಂದೇ ಸಾಲು: "ತನ್ನ ಪ್ರಯಾಣಿಕರನ್ನು ನಂಬಲಿಲ್ಲ."

ಕಂಡಕ್ಟರ್ ಆಗಲು ನನಗೆ ಇನ್ನೊಂದು ವರ್ಷ ಹಿಡಿಯಿತು. ಬಳಗದಲ್ಲಿ ಈಗಲೂ ಯಾರಾದರೂ ನಮ್ಮವರ ಹೊತ್ತಿನ ಬಗ್ಗೆ ಜೋಕು ಮಾಡಿದರೆ ನಾನು ನಗುವುದಿಲ್ಲ. ಆ ಶನಿವಾರ ರೈಲು ತಪ್ಪಿಸಿಕೊಂಡವನು ನಾನೊಬ್ಬನೇ.