ಎರಡನೇ ಕಾರ್ಡು ಮತ್ತು ಅತ್ತಿಗೆಯ ಕಾಶಿ

ತಿಂಗಳಿಗೆ ಎರಡು ಸಲ ವಿಮಾನ ಹತ್ತುವವನಿಗೆ ಮೋಡಗಳಿಂದ ಆಗುವ ಕುಲುಕಾಟಕ್ಕಿಂತ ಮನೆಯವರಿಂದ ಆಗುವುದೇ ಹೆಚ್ಚು. ಎರಡು ಸಾವಿರದ ಇಸವಿ ದಾಟಿದ ಹೊಸತು. ಶ್ರೀನಿವಾಸಪುರದ ಮಾವಿನ ಪಲ್ಪ್ ಫ್ಯಾಕ್ಟರಿಯಲ್ಲಿ ನನ್ನದು ಮಾರಾಟದ ಕೆಲಸ, ದೆಹಲಿ, ಕಲ್ಕತ್ತ ಅಂತ ಓಡಾಟ. ವಿಮಾನ ಕಂಪನಿಯವರು ಒಂದು ಕಾರ್ಡು ಕೊಟ್ಟಿದ್ದರು. ಹಾರಿದಷ್ಟೂ ಪಾಯಿಂಟು, ಪಾಯಿಂಟು ಸೇರಿದರೆ ಬಿಟ್ಟಿ ಟಿಕೆಟ್ಟು.

೧. ಕಾಶಿಗೆ ಹೋಗದ ಕಾರ್ಡು

ಚಿಕ್ಕಂದಿನಲ್ಲೇ ತಾಯಿ ಹೋದ ನನ್ನನ್ನು ಸಾಕಿದವರು ಯಲ್ದೂರಿನ ಅತ್ತಿಗೆ. ಹಸು ಕಟ್ಟಿ, ಡೈರಿಗೆ ಹಾಲು ಹಾಕಿ ಓದಿಸಿದರು. ಅವರಿಗಿದ್ದ ಸುಖ ಒಂದೇ, ಕೋಲಾರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು. ಆಸೆಯೂ ಒಂದೇ, ಕಾಶಿ. ಮಂಡಿನೋವು ಬಂದ ಮೇಲೆ ಎರಡು ದಿನ ರೈಲಿನಲ್ಲಿ ಕೂರುವುದು ಆಗದ ಮಾತು.

"ಅತ್ತಿಗೆ, ಪಾಯಿಂಟು ಸೇರಿದೆ. ವಿಮಾನದಲ್ಲೇ ಕಾಶಿಗೆ ಕರ್ಕೊಂಡು ಹೋಗ್ತೀನಿ" ಅಂದುಬಿಟ್ಟೆ. ಆಮೇಲೆ ವಿಚಾರಿಸಿದರೆ, ಆ ಕಂಪನಿಯ ವಿಮಾನ ಕಾಶಿಗೇ ಹೋಗುವುದಿಲ್ಲ! ಗೋವಾಕ್ಕಾದರೆ ಹೋಗುತ್ತದಂತೆ.

"ಗೋವಾದಲ್ಲಿ ಏನೋ ಇದೆ?"

"ಸಮುದ್ರ ಇದೆ ಅತ್ತಿಗೆ."

"ಬರೀ ಸ್ನಾನಕ್ಕಾದ್ರೆ ನಮ್ಮ ಬೋರ್‌ವೆಲ್ಲೇ ಸಾಕು ಕಣೋ."

೨. ಹೂ ಪ್ರಸಾದ

ಹಾಗಾಗಿ ಎರಡನೇ ಕಾರ್ಡು ಮಾಡಿಸಬೇಕಾಯಿತು. ಕಾಶಿಗೆ ಹೋಗುವ ಕಂಪನಿಗಳು ಎರಡಿದ್ದವು. ಒಂದರ ವಿಮಾನ ಬೆಳಗ್ಗೆ, ಇನ್ನೊಂದರದು ಸಂಜೆ. ಯಾವುದಾಗಬಹುದು? ಹೆಣ್ಣು ನೋಡುವುದಿರಲಿ, ಹಸು ಕೊಳ್ಳುವುದಿರಲಿ, ಅತ್ತಿಗೆ ದೇವರ ಮುಂದೆ ಹೂ ಪ್ರಸಾದ ಕೇಳದೆ ಹೆಜ್ಜೆ ಇಟ್ಟವರಲ್ಲ. ನನ್ನನ್ನು ಮುಳಬಾಗಿಲಿನ ಮನೆದೇವರ ಗುಡಿಗೆ ಎಳೆದುಕೊಂಡು ಹೋದರು. ಬಲಗಡೆ ಹೂ ಬಿದ್ದರೆ ಬೆಳಗಿನ ಕಂಪನಿ, ಎಡಗಡೆ ಬಿದ್ದರೆ ಸಂಜೆಯದು.

ಒಂದು ಗಂಟೆ ಕೈಮುಗಿದು ನಿಂತೆವು. ಒಂದು ಎಸಳೂ ಅಲುಗಾಡಲಿಲ್ಲ. ಅರ್ಚಕರಿಗೆ ಊಟದ ಹೊತ್ತು ಮೀರುತ್ತಿತ್ತು. "ನೋಡಮ್ಮ, ಸ್ವಾಮಿ ಗರುಡನ ಮೇಲೆ ಓಡಾಡೋನು. ಟಿಕೆಟ್ ವಿಚಾರ ಅವನಿಗೇನು ಗೊತ್ತು? ಆಫೀಸಿಗೇ ಹೋಗಿ ಕೇಳಿ" ಅಂದರು.

೩. ಇಲ್ಲದ ಕಾಲಂ

ಬೆಂಗಳೂರಿನಲ್ಲಿ ಬೆಳಗಿನ ಕಂಪನಿಯ ಆಫೀಸಿಗೆ ಹೋದೆ. ಪಾಯಿಂಟಿನ ಟಿಕೆಟ್ಟನ್ನು ಹೆಂಡತಿ, ಮಕ್ಕಳು, ತಂದೆ ತಾಯಿಗೆ ಕೊಡಬಹುದು ಅಂದಳು ಕೌಂಟರಿನ ಹುಡುಗಿ.

"ಅತ್ತಿಗೆಗೆ?"

"ಅತ್ತಿಗೆ ಕಾಲಂ ಇಲ್ಲ ಸರ್."

"ಹಾಗಾದ್ರೆ ತಾಯಿ ಅಂತಲೇ ಬರ್ಕೊಳ್ಳಿ. ಸುಳ್ಳೇನಲ್ಲ."

ಅವಳು ನಾನು ಬರೆದುಕೊಟ್ಟ ಇಬ್ಬರ ವಯಸ್ಸನ್ನೂ ನೋಡಿದಳು. "ತಾಯಿ ನಿಮಗಿಂತ ಹನ್ನೊಂದೇ ವರ್ಷ ದೊಡ್ಡವರಾ ಸರ್?"

ಸಂಜೆಯ ಕಂಪನಿಯಲ್ಲಿ ಯಾರಿಗೆ ಬೇಕಾದರೂ ಕೊಡಬಹುದಿತ್ತು. ನಿಂತ ಕಾಲಲ್ಲೇ ಫಾರಂ ತುಂಬಿದೆ. ಆದರೆ ಅವರ ಪಾಯಿಂಟಿಗೆ ಒಂದೇ ವರ್ಷದ ಆಯಸ್ಸು. ವರ್ಷ ಮುಗಿಯುತ್ತಾ ಬಂತು, ಒಂದೇ ಒಂದು ಪ್ರಯಾಣ ಕಡಿಮೆ. ಪೆಚ್ಚುಮೋರೆ ಹಾಕಿಕೊಂಡು ಕೂತವನನ್ನು ಫ್ಯಾಕ್ಟರಿಯ ಮಾಲೀಕರು ಕರೆದು ಕಾರಣ ಕೇಳಿದರು. ಹೇಳಿದೆ.

ಅವರದು ತೆಲುಗು ಬೆರೆತ ಕನ್ನಡ. "ಏಮಯ್ಯಾ, ದೆಹಲಿಯಲ್ಲಿ ನಮ್ಮ ಪಲ್ಪ್ ಡಬ್ಬ ಒಂದು ಕೆಟ್ಟು ಉಬ್ಬಿದೆಯಂತೆ. ನಾಳೆ ಹೋಗಿ ನೋಡ್ಕೊಂಡು ಬಾ" ಅಂದರು.

ಹೋಗಿ ಗೋಡೌನೆಲ್ಲ ಜಾಲಾಡಿದೆ. ಯಾವ ಡಬ್ಬವೂ ಉಬ್ಬಿರಲಿಲ್ಲ. ಬಂದು ಹೇಳಿದರೆ, "ಪಾಯಿಂಟು ತುಂಬಿತಾ? ತುಂಬಿತಲ್ಲ, ಹೋಗು ಕೆಲಸ ನೋಡು" ಅಂದರು. ಆ ಪುಣ್ಯಾತ್ಮರನ್ನು ಇವತ್ತಿಗೂ ನೆನೆಯುತ್ತೇನೆ.

೪. ಗಂಗೆಯಲ್ಲಿ ಬಿಟ್ಟದ್ದು

ವಿಮಾನದಲ್ಲಿ ಅತ್ತಿಗೆಗೆ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಕಾಶಿ ಮುಟ್ಟುವವರೆಗೂ ಕತ್ತು ಈ ಕಡೆ ತಿರುಗಿಸಲಿಲ್ಲ. ಅವರ ಮುಖ ನೋಡಿ, ಹುಟ್ಟಿದ್ದಕ್ಕೆ ಒಂದು ಕೆಲಸ ಮಾಡಿದೆ ಅನ್ನಿಸಿತು.

ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಬಿಟ್ಟು ಬರಬೇಕು ಅನ್ನುವುದು ನಮ್ಮ ಕಡೆಯ ಪದ್ಧತಿ. ಶರಟು, ಪರ್ಸು ಎಲ್ಲ ಅತ್ತಿಗೆಯ ಕೈಗೆ ಕೊಟ್ಟು ಗಂಗೆಯಲ್ಲಿ ಮುಳುಗು ಹಾಕಿದೆ. ಮೇಲೆ ಬಂದು, "ನಾನು ಹಾಗಲಕಾಯಿ ಬಿಟ್ಟೆ" ಅಂದೆ.

"ಹಾಗಲಕಾಯಿ ನಿನಗೆ ಯಾವತ್ತು ಇಷ್ಟ ಇತ್ತು? ದೇವರಿಗೇ ಟೋಪಿ ಹಾಕ್ತೀಯಾ? ಗೊತ್ತಿತ್ತು ನನಗೆ. ಅದಕ್ಕೇ ನಿನ್ನ ಪರವಾಗಿ ನಾನೇ ಬಿಟ್ಟೆ, ನೋಡು ಅಲ್ಲಿ."

ನೋಡಿದೆ. ಎಲೆದೊನ್ನೆಯೊಂದು ತೇಲಿಹೋಗುತ್ತಿತ್ತು. ಅದರಲ್ಲಿ ದೀಪ, ಹೂವು, ಅವುಗಳ ಪಕ್ಕದಲ್ಲಿ ನನ್ನ ಎರಡನೇ ಕಾರ್ಡು.

"ಅತ್ತಿಗೆ!"

"ದಿನಕ್ಕೆ ಹತ್ತು ಸಲ ಮುಟ್ಟಿ ನೋಡ್ಕೊಳ್ತಿದ್ದೆಯಲ್ಲೋ. ಅದಕ್ಕಿಂತ ಇಷ್ಟವಾದ್ದು ನಿನಗೆ ಇನ್ನೇನಿದೆ?"

ಬೈಯುವುದು ಹೇಗೆ? ನನಗೋಸ್ಕರ ಏನೇನೋ ಬಿಟ್ಟ ಹೆಂಗಸು. ಕಣ್ಣಲ್ಲಿ ನೀರು ಬಂತು. ಗಂಗೆಯದೇ ಅಂದುಕೊಳ್ಳಲಿ ಎಂದು ಮುಖ ಒರೆಸಿಕೊಂಡೆ.

"ಹೋಗಲಿ, ನೀವೇನು ಬಿಟ್ರಿ?" ಅಂತ ಕೇಳಿದೆ.

ಅತ್ತಿಗೆ ಗಂಗೆಗೆ ಕೈಮುಗಿದು ಹೇಳಿದರು: "ಬಸ್ಸು ಬಿಟ್ಟೆ ಕಣೋ. ಇನ್ನೇನಿದ್ರೂ ವಿಮಾನವೇ."