ಹತ್ತು ನಿಮಿಷದ ಹಾಲು

ಗಿರಿಯಪ್ಪನ ನಾಲ್ಕು ತಿಂಗಳ ಮಗು ರಾತ್ರಿ ಹಾಲು ಕುಡಿಯುತ್ತಿತ್ತು, ಹಗಲು ಕುಡಿಯುತ್ತಿರಲಿಲ್ಲ. ತೊಂದರೆ ಎಂದರೆ ಅಷ್ಟೇ. ಆದರೆ ಹಗಲೆಲ್ಲ ಅದು ಇರುತ್ತಿದ್ದದ್ದು ಕುಲಶೇಖರದ ಒಂದು ಹಂಚಿನ ಕಾರ್ಖಾನೆಯ ಶೆಡ್ಡಿನಲ್ಲಿ, ಹಂಚು ಹೊರುವ ತಾಯಿ ಸುಂದರಿಯ ಕಣ್ಣಳತೆಯಲ್ಲಿ. ಅಲ್ಲಿ ಅದು ಹಸಿದು ಕಿರುಚಿದರೆ ಮೇನೇಜರ್ ರುಡೊಲ್ಫರ ಆಫೀಸಿನ ಗಾಜು ನಡುಗುತ್ತಿತ್ತು. "ನಾಳೆ ಸಂಜೆಯೊಳಗೆ ಅದು ಸುಮ್ಮನಾಗದಿದ್ದರೆ ನಿನ್ನ ಹೆಂಡತಿ ನಾಡಿದ್ದು ಬರುವುದು ಬೇಡ" ಎಂದು ಅವರು ಗಿರಿಯಪ್ಪನಿಗೆ ಹೇಳಿಬಿಟ್ಟಿದ್ದರು.

ಗಿರಿಯಪ್ಪ ಅದೇ ಕಾರ್ಖಾನೆಯಲ್ಲಿ ಗಂಟೆ ಬಾರಿಸುವವ. ಹತ್ತು ವರ್ಷದಲ್ಲಿ ಒಂದು ನಿಮಿಷ ಆಚೀಚೆ ಮಾಡಿದವನಲ್ಲ. ಆ ಹೆಮ್ಮೆಯೊಂದನ್ನು ಬಿಟ್ಟರೆ ಅವನ ಹತ್ತಿರ ಬೇರೆ ಆಸ್ತಿ ಇರಲಿಲ್ಲ.

ಮರುದಿನ ಬೆಳಿಗ್ಗೆಯೇ ಪಕ್ಕದ ಮನೆಯ ಅಮ್ಮಣ್ಣಿ ಬಂದಳು. "ಹಗಲು ಬಿಟ್ಟು ರಾತ್ರಿ ಕುಡಿಯುವುದು ಒಳ್ಳೆಯ ಲಕ್ಷಣ ಅಲ್ಲ ಮಾರಾಯ. ದೃಷ್ಟಿ ಆಗಿದೆ." ಉಪ್ಪು, ಸಾಸಿವೆ, ಒಣಮೆಣಸು ಇಳಿಸಿ ಒಲೆಗೆ ಹಾಕಿದಳು. ಮಗು ಕೆಮ್ಮಿತು, ಅಮ್ಮಣ್ಣಿಯೂ ಕೆಮ್ಮಿದಳು, ಗಿರಿಯಪ್ಪನ ಕಣ್ಣು ಬೇಯಿಸಿದ ಸಿಗಡಿಯಂತೆ ಕೆಂಪಾಯಿತು.

ಕಾರ್ಖಾನೆಯ ಬಾಗಿಲಲ್ಲಿ ಹಂಚು ಸುಡುವ ಭಟ್ಟಿಯ ನೋಣಯ್ಯ ಗಂಡ ಹೆಂಡತಿ ಇಬ್ಬರನ್ನೂ ಹಿಡಿದು ನಿಲ್ಲಿಸಿದ. "ಅವಳಿಗೆ ಮೀನು ಬಿಡಿಸು. ಹಾಲು ನಾರ್ತದೆ, ಅದಕ್ಕೇ ಮಗುವಿಗೆ ಬೇಡ."

"ಮೀನು ಬಿಟ್ಟು ಎಂತ ತಿನ್ನುವುದು, ನಿಮ್ಮ ಹಂಚಾ?" ಎಂದಳು ಸುಂದರಿ. "ನನ್ನ ಅಜ್ಜಿ ಮೀನು ತಿಂದೇ ಒಂಬತ್ತು ಮಕ್ಕಳಿಗೆ ಹಾಲು ಕೊಟ್ಟಿದ್ದಾರೆ. ನೀವು ಎಷ್ಟು ಮಕ್ಕಳಿಗೆ ಕೊಟ್ಟಿದ್ದೀರಿ, ನೋಣಯ್ಯಣ್ಣ?"

ಎಂಟರ ಗಂಟೆ ಬಾರಿಸಿದ ಗಿರಿಯಪ್ಪ ಉಟ್ಟ ಮುಂಡನ್ನು ಎತ್ತಿ ಕಟ್ಟಿ ಓಡಿದ. ಹತ್ತಕ್ಕೆ ಮೊದಲು ಧರ್ಮಾಸ್ಪತ್ರೆಯ ಗ್ಲ್ಯಾಡಿಸ್ ಸಿಸ್ಟರನ್ನು ಕರೆದುಕೊಂಡೇ ಬಂದ.

ಸಿಸ್ಟರ್ ಮಗುವಿನ ನಾಲಗೆ ಎತ್ತಿ ನೋಡಿದರು, ಕಿರುಬೆರಳು ಚೀಪಿಸಿದರು. "ಬಾಯಿ ಸರಿ ಉಂಟು, ಶಕ್ತಿಯೂ ಉಂಟು. ಇನ್ನು ಕುಡಿಯುವುದನ್ನು ಮೊದಲಿನಿಂದ ಕೊನೆಯವರೆಗೆ ನಾನು ನೋಡ್ಬೇಕು."

"ನೀವು ನೋಡಿ, ನನಗೆ ಕೆಲಸ ಉಂಟು" ಎಂದು ಗಿರಿಯಪ್ಪ ಹೊರಗೆ ಹೋಗಿ ಹತ್ತು ನಿಮಿಷದ ಬಿಡುವಿನ ಗಂಟೆ ಬಾರಿಸಿದ. ಸುಂದರಿ ಮಗುವನ್ನು ಮೊಲೆಗೆ ಹಚ್ಚಿದಳು. ಅದು ಮೊದಲು ಸುಮ್ಮನೆ ಚೀಪಿತು, ಮತ್ತೆ ಹಾಲು ಇಳಿದು ಗುಟುಕು ಗುಟುಕಾಗಿ ನುಂಗತೊಡಗಿತು. ಅಷ್ಟರಲ್ಲಿ ಢಣಾರನೆ ಬಿಡುವು ಮುಗಿದ ಎರಡನೆಯ ಗಂಟೆ. ಸುಂದರಿಯ ಮೈ ತಾನಾಗಿ ಎದ್ದು ನಿಂತಿತು. ಮಗು ಬೆಚ್ಚಿತು, ಬಾಯಿ ತಪ್ಪಿತು, ಕಿರುಚಾಟ ಶುರುವಾಯಿತು.

ಗಿರಿಯಪ್ಪ ಕೈ ಒರೆಸಿಕೊಂಡು ಒಳಗೆ ಬಂದ. "ರೋಗ ಎಂತ, ಸಿಸ್ಟರ್?"

"ಆ ಗಂಟೆ ಬಾರಿಸಿದ್ದು ಯಾರು?"

"ನಾನೇ. ಹತ್ತು ನಿಮಿಷಕ್ಕೆ ಸರಿಯಾಗಿ" ಎಂದು ಎದೆ ಉಬ್ಬಿಸಿದ.

"ಹಾಗಾದರೆ ರೋಗ ನೀನೇ. ಕರುವನ್ನು ಕೂಡ ಹೀಗೆ ಎಳೆದು ಕಟ್ಟುವುದಿಲ್ಲ." ಸಿಸ್ಟರ್ ಒಂದು ಚೀಟಿ ಬರೆದು ಕೊಟ್ಟರು: ಮಗುವಿಗೆ ಕಾಯಿಲೆ ಇಲ್ಲ, ಗಂಟೆಗೆ ಬೆಚ್ಚಿ ಹಾಲು ಕುಡಿಯುವುದನ್ನು ಬಿಡುತ್ತದೆ, ತಾಯಿಗೆ ಅರ್ಧ ಗಂಟೆ ಬಿಡುವು ಕೊಡಬೇಕು.

ರುಡೊಲ್ಫರು ಚೀಟಿಯನ್ನು ಎರಡು ಸಲ ಓದಿದರು. "ಸಿಸ್ಟರ್ ಬರೆದ ಮೇಲೆ ಮುಗೀತು. ಸುಂದರಿ ಬರಲಿ. ಇವತ್ತಿನಿಂದಲೇ ಬಿಡುವಿಗೆ ಗಂಟೆ ಬೇಡ."

ಗಿರಿಯಪ್ಪ ಕೈ ಮುಗಿದ. "ಆ ಅರ್ಧ ಗಂಟೆ, ಧಣಿ?"

"ಮಗು ಬೆಚ್ಚುತ್ತದೆ ಎಂದು ತಾನೇ ಅರ್ಧ ಗಂಟೆ ಕೇಳಿದ್ದು? ಸದ್ದೇ ಇಲ್ಲದ ಮೇಲೆ ಬೆಚ್ಚುವುದೆಂತ?" ರುಡೊಲ್ಫರು ಜೇಬುಗಡಿಯಾರ ಬಿಚ್ಚಿ ಅವನ ಅಂಗೈಗೆ ಇಟ್ಟರು. "ಹತ್ತು ನಿಮಿಷ ಆದ ಕೂಡಲೇ ನೀನೇ ಹತ್ತಿರ ಹೋಗಿ ಅವಳನ್ನು ಮೆಲ್ಲಗೆ ಎಬ್ಬಿಸು. ನಿನ್ನಷ್ಟು ಸಮಯಕ್ಕೆ ಸರಿಯಾದವ ಇಲ್ಲಿ ಯಾರಿದ್ದಾರೆ?"

ಮೂರು ಗಂಟೆಯ ಬಿಡುವಿನಲ್ಲಿ ಗಿರಿಯಪ್ಪ ಗಡಿಯಾರ ಹಿಡಿದು ಹೆಂಡತಿಯ ಎದುರು ನಿಂತ.

"ಎಂತ ನೋಡುವುದು ಹಾಗೆ?" ಎಂದಳು ಸುಂದರಿ.

"ಇನ್ನು ಎರಡು ನಿಮಿಷ."

"ಹೊಟ್ಟೆ ತುಂಬಲಿಕ್ಕಾ, ನಿಮ್ಮ ಧಣಿಗೆ ಸಿಟ್ಟು ಬರಲಿಕ್ಕಾ?"

ಗಿರಿಯಪ್ಪ ಕಣ್ಣನ್ನು ಗಡಿಯಾರಕ್ಕೇ ನೆಟ್ಟ. ಮುಳ್ಳು ಹತ್ತು ನಿಮಿಷಕ್ಕೆ ಬಂದಾಗ ಬಗ್ಗಿ, ಕಳ್ಳನ ಹಾಗೆ "ಸಾಕು" ಎಂದ. ಮಗು ಮೊಲೆ ಬಿಟ್ಟು ಅವನ ಮುಖವನ್ನು ದಿಟ್ಟಿಸಿ ನೋಡಿತು.

ಶನಿವಾರದ ಹೊತ್ತಿಗೆ ಅದು ಕಾರ್ಖಾನೆಯ ಯಾವ ಸದ್ದಿಗೂ ಬೆಚ್ಚುತ್ತಿರಲಿಲ್ಲ. ಅಪ್ಪನ ಮುಖ ಕಂಡರೆ ಮಾತ್ರ ಮೊಲೆ ಬಿಟ್ಟು ಕಿರುಚುತ್ತಿತ್ತು. ಈಗ ರಾತ್ರಿಯೂ ಹಾಲು ಕುಡಿಯುವುದಿಲ್ಲವೆಂದು ಸುಂದರಿ ಗಂಡನ ಚಾಪೆಯನ್ನು ಜಗಲಿಗೆ ಎಸೆದಳು.